ನನ್ನನ್ನು ನಿಲ್ಲಿಸಿ ನೋಡಿ, ಅಧ್ಯಕ್ಷರೇ

ಕಾರ್ಮಿಕರ ವೈದ್ಯಕೀಯ ಮಂಡಳಿಯ ಅಧ್ಯಕ್ಷರಾದ ಮಾನ್ಯರೇ,

ತಾವು ನನ್ನನ್ನು ಮಲಗಿಸಿ ಪರೀಕ್ಷೆ ಮಾಡಿ, ದಿನಕ್ಕೆ ಎಂಟು ಗಂಟೆ ನಿಂತು ಕೆಲಸ ಮಾಡಲು ನಾನು ಯೋಗ್ಯಳೆಂದು ಬರೆದುಕೊಟ್ಟಿದ್ದೀರಿ. ನನ್ನ ತಕರಾರು ಇಷ್ಟೇ. ಇದರಲ್ಲಿ ಏನು ತಪ್ಪಿದೆ ಎಂದು ತಮಗೆ ಥಟ್ಟನೆ ಹೊಳೆಯದಿದ್ದರೆ ದಯವಿಟ್ಟು ಆ ವಾಕ್ಯವನ್ನು ಇನ್ನೊಮ್ಮೆ ಓದಿ. ಮೂರನೇ ಕ್ಲಾಸಿನ ನನ್ನ ಮಗಳಿಗೆ ಒಂದೇ ಸಲಕ್ಕೆ ಹೊಳೆಯಿತು.

ನಾನು ಬಟ್ಟೆ ಗಿರಣಿಯಲ್ಲಿ ತಪಾಸಣೆಯವಳು. ಇಳಿಜಾರಾದ ಗಾಜಿನ ಮೇಜು, ಅದರಡಿ ದೀಪ. ಬಟ್ಟೆ ಒಂದು ಉರುಳೆಯಿಂದ ಬಿಚ್ಚಿಕೊಂಡು ಮೇಜಿನ ಮೇಲೆ ಹಾದು ಇನ್ನೊಂದು ಉರುಳೆಗೆ ಸುತ್ತಿಕೊಳ್ಳುತ್ತದೆ. ಕಡಿದ ಎಳೆ, ಎಣ್ಣೆ ಕಲೆ, ತೂತು ಕಂಡಲ್ಲಿ ಕೆಂಪು ಚೀಟಿ ಅಂಟಿಸುವುದು ನನ್ನ ಕೆಲಸ. ಹದಿನಾಲ್ಕು ವರ್ಷವಾಯಿತು. ತಪಾಸಣೆಯವರು ಕೂರಬಾರದೆಂಬುದು ಗಿರಣಿಯ ನಿಯಮ. ಕೂತರೆ ಕಣ್ಣು ಸೋಮಾರಿಯಾಗುತ್ತದಂತೆ. ಇದನ್ನು ಕಂಡುಹಿಡಿದ ಮಹಾನುಭಾವರು ಮಾತ್ರ ಕುರ್ಚಿಯಲ್ಲಿ ಕೂತೇ ಕಂಡುಹಿಡಿದಿರಬೇಕು.

ಎರಡು ವರ್ಷದ ಹಿಂದೆ ನನಗೊಂದು ಜ್ವರ ಬಂತು. ಹತ್ತು ದಿನಕ್ಕೆ ಬಿಟ್ಟಿತು, ಆದರೆ ಆಮೇಲೆ ನಾನು ನಾನಾಗಿ ಉಳಿಯಲಿಲ್ಲ. ನಿಂತು ಐದು ನಿಮಿಷವಾದರೆ ಎದೆ ಡವಡವ, ಕೈ ನಡುಕ, ಕಣ್ಣಿಗೆ ಕತ್ತಲೆ. ಮಲಗಿದರೆ ಎಲ್ಲ ಮಾಯ. ಇದಕ್ಕಿಂತ ಅನುಮಾನ ಹುಟ್ಟಿಸುವ ಕಾಯಿಲೆ ಇನ್ನೊಂದಿದೆಯೇ, ನೀವೇ ಹೇಳಿ. ನಮ್ಮ ಅತ್ತೆಯವರು, "ಒಲೆ ಮುಂದೆ ನಿಂತ್ರೆ ಬರುತ್ತೆ, ಹಾಸಿಗೆ ಕಂಡ್ರೆ ಹೋಗುತ್ತೆ. ಇಂಥ ಕಾಯಿಲೆ ನಂಗೂ ಒಂದು ಕೊಡಿಸಮ್ಮ" ಎಂದರು. ನಾನೂ ನಕ್ಕೆ. ಆಮೇಲೆ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ.

ಹೃದಯದ ಡಾಕ್ಟರು ಮಂಚದ ಮೇಲೆ ಮಲಗಿಸಿ ಇಸಿಜಿ ಪಟ್ಟಿ ತೆಗೆದು ಹೃದಯ ಚೆನ್ನಾಗಿದೆ ಎಂದರು. ತಲೆಸುತ್ತಿಗೆಂದು ಕಿವಿಯ ಡಾಕ್ಟರ ಹತ್ತಿರ ಹೋದರೆ ಕಿವಿಯೂ ಚೆನ್ನಾಗಿತ್ತು. ರಕ್ತವಂತೂ ಮಾದರಿ ರಕ್ತ. ಎಲ್ಲರೂ ಕೊನೆಗೆ ಒಂದೇ ಮಾತು: "ಟೆನ್ಷನ್ ಕಮ್ಮಿ ಮಾಡ್ಕೊಳ್ಳಿ." ಹಾಗೆ ಕಮ್ಮಿ ಮಾಡಿಕೊಳ್ಳುತ್ತಿದ್ದ ದಿನಗಳಲ್ಲೇ ಒಂದು ಬೆಳಗ್ಗೆ ಮೇಜಿನ ಮೇಲೆ ಕುಸಿದೆ. ತೋಳು ಬಟ್ಟೆಯ ಜೊತೆಗೇ ಉರುಳೆಯ ಬಾಯಿಗೆ ಹೋಯಿತು. ಪಕ್ಕದ ಮೇಜಿನ ಅಕ್ಕ ಓಡಿಬಂದು ಕೆಂಪು ಗುಂಡಿ ಒತ್ತಿದ್ದರಿಂದ ಮೊಣಕೈವರೆಗಿನ ಚರ್ಮ ಮಾತ್ರ ಹೋಯಿತು, ಕೈ ಉಳಿಯಿತು. ಮೇಲ್ವಿಚಾರಕರು ಬಂದು ನೋಡಿ, "ಬೆಳಗ್ಗೆ ಏನೂ ತಿಂದಿಲ್ವಾ?" ಎಂದು ಕೇಳಿ ಯಂತ್ರ ಶುರು ಮಾಡಿಸಿದರು.

ನನ್ನ ಪುಣ್ಯ, ಟೆನ್ಷನ್ ಎಂದ ಡಾಕ್ಟರೊಬ್ಬರು ಮನಸ್ಸಿನ ಡಾಕ್ಟರ ಹತ್ತಿರವೂ ಕಳಿಸಿದ್ದರು. ಮುಕ್ಕಾಲು ಗಂಟೆ ಮಾತಾಡಿಸಿ ಅವರು ಹೇಳಿದ್ದು ಇಷ್ಟು: "ನಿಮ್ಮ ಮನಸ್ಸಿಗೆ ಏನೂ ಆಗಿಲ್ಲಮ್ಮ. ನರದ ಡಾಕ್ಟರಿಗೆ ತೋರಿಸಿ." ಆ ನರದ ಡಾಕ್ಟರು ನನಗಿಂತ ಚಿಕ್ಕ ಹೆಣ್ಣುಮಗಳು. ಮೊದಲು ಮಲಗಿಸಿ ನಾಡಿ ನೋಡಿದರು, ಎಪ್ಪತ್ತೆರಡು. ಆಮೇಲೆ, "ಈಗ ಎದ್ದು ನಿಂತ್ಕೊಳ್ಳಿ. ಏನೂ ಹಿಡ್ಕೋಬೇಡಿ, ಒರಗಬೇಡಿ, ಮಾತಾಡಬೇಡಿ" ಎಂದು ತಾವೂ ಎದುರಿಗೆ ನಿಂತು ಹತ್ತು ನಿಮಿಷ, ನಿಮಿಷಕ್ಕೊಂದು ಸಲ ಬರೆದುಕೊಂಡರು. ಎರಡನೇ ನಿಮಿಷಕ್ಕೆ ನೂರಾ ಆರು. ಐದಕ್ಕೆ ನೂರಾ ಇಪ್ಪತ್ತು. ಹತ್ತಕ್ಕೆ ನೂರಾ ಮೂವತ್ತೊಂದು. ಬೆವರಿಳಿಯುತ್ತಿತ್ತು.

"ಎದೆ ಬಡಿಯೋದು, ಬೆವರೋದು, ರಕ್ತ ಮೇಲಕ್ಕೆ ಒತ್ತೋದು, ಇದನ್ನೆಲ್ಲ ನಾವು ಹೇಳದೇನೇ ನೋಡ್ಕೊಳ್ಳೋ ನರಗಳಿವೆ. ನಿಮ್ಮಲ್ಲಿ ಅವು ದಾರಿ ತಪ್ಪಿವೆ. ನಿಂತಾಗ ರಕ್ತ ಕಾಲಿಗೆ ಇಳಿದುಬಿಡುತ್ತೆ, ಹೃದಯ ಪಾಪ ಒಂದೇ ಒದ್ದಾಡುತ್ತೆ," ಎಂದರು. ಸ್ವನಿಯಂತ್ರಿತ ನರವ್ಯೂಹದ ತೊಂದರೆ ಎಂದು ಬರೆದರು. ಮಾತ್ರೆ, ನೀರು, ಉಪ್ಪು, ಬಿಗಿ ಕಾಲುಚೀಲ, ಜೊತೆಗೆ ಕೂತು ಕೆಲಸ ಮಾಡಬೇಕು ಎಂದೂ ಬರೆದರು. ನನಗೆ ನಗು ತಡೆಯಲಾಗಲಿಲ್ಲ. "ಕಾಯಿಲೆ ಇದೆ ಅಂದ್ರೆ ನಗ್ತೀಯಲ್ಲೇ!" ಎಂದರು ಜೊತೆಗೆ ಬಂದಿದ್ದ ನಮ್ಮ ಯಜಮಾನರು. ಎರಡು ವರ್ಷ ಸುಳ್ಳಿ ಅನ್ನಿಸಿಕೊಂಡವಳಿಗೆ ಅದೆಂಥ ನೆಮ್ಮದಿ ಎಂದು ಅವರಿಗೆ ಹೇಗೆ ಹೇಳಲಿ?

ಆ ಚೀಟಿ ಹಿಡಿದು ಗಿರಣಿಯಲ್ಲಿ ಒಂದು ಸ್ಟೂಲು ಕೇಳಿದೆ. ಹೊರಗಿನ ಆಸ್ಪತ್ರೆಯ ಚೀಟಿ ನಡೆಯುವುದಿಲ್ಲ, ಮಂಡಳಿ ಹೇಳಬೇಕು ಎಂದರು. ಹೀಗೆ ನಾನು ತಮ್ಮ ಸನ್ನಿಧಾನಕ್ಕೆ ಬಂದೆ. ತಮ್ಮ ಕೋಣೆ ಮೂರನೇ ಮಹಡಿಯಲ್ಲಿದೆ, ಲಿಫ್ಟು ಕೆಟ್ಟಿದೆ. ನರ್ಸಮ್ಮ ನನ್ನ ಮುಖ ನೋಡಿ ಗಾಬರಿಯಾಗಿ, "ಮಲ್ಕೊಳ್ಳಿ, ಸುಧಾರಿಸ್ಕೊಳ್ಳಿ, ಆಮೇಲೆ ನೋಡ್ತೀನಿ" ಎಂದರು. ನಿಂತಾಗ ನೋಡಿ ಎಂದು ಬೇಡಿಕೊಂಡೆ. "ಫಾರಂನಲ್ಲಿ ನಿಂತಿದ್ದು ಅಂತ ಕಾಲಮ್ಮೇ ಇಲ್ವಲ್ಲಮ್ಮ," ಎಂದರು ಪಾಪ. ಆದರೂ ನಾನು ಎದ್ದು ನಿಂತೆ. ಅವರು ಮಣಿಕಟ್ಟು ಹಿಡಿದು ಎಣಿಸಿ, "ಸಾರ್, ನೂರಾ ಇಪ್ಪತ್ತು ದಾಟಿದೆ!" ಎಂದು ಕೂಗಿದರು. ಆಗ ತಾವು, ಕಾಗದದಿಂದ ತಲೆಯೆತ್ತದೆ, ಏನು ಹೇಳಿದಿರಿ ನೆನಪಿದೆಯೇ?

"ಹೆದರಿಕೊಂಡಿದಾರೆ. ಮಲಗಿಸಿ. ಸರಿಹೋದ ಮೇಲೆ ಬರ್ಕೊಳ್ಳಿ."

ಸರಿಹೋಯಿತು, ಬರೆದುಕೊಂಡರು. ಎಪ್ಪತ್ತನಾಲ್ಕು. ಕೆಲಸಕ್ಕೆ ಯೋಗ್ಯಳು, ಮಾನಸಿಕ ಒತ್ತಡ, ವಿಶೇಷ ಸೌಲಭ್ಯ ಬೇಕಿಲ್ಲ. ನರ್ಸಮ್ಮನವರ ಮೇಲೆ ನನಗೆ ಕೋಪವಿಲ್ಲ, ಅವರನ್ನು ಈ ಪತ್ರದ ನೆವದಲ್ಲಿ ಗೋಳು ಹೊಯ್ದುಕೊಳ್ಳಬೇಡಿ. ಅವರು ಕಂಡದ್ದನ್ನು ಕಂಡಹಾಗೆ ಹೇಳಿದರು. ಕಾಯಿಲೆ ಎದುರಿಗೇ ನಿಂತಿದ್ದಾಗ ಅದು ಹೋಗುವವರೆಗೆ ಕಾದು, ಹೋದ ಮೇಲೆ ಇಲ್ಲ ಎಂದು ಬರೆಯುವ ಈ ವಿದ್ಯೆಯನ್ನು ತಾವು ಎಲ್ಲಿ ಕಲಿತಿರಿ? ಗಿರಣಿಯಲ್ಲಿ ನಾನು ಮಡಿಸಿಟ್ಟ ಬಟ್ಟೆಯ ಥಾನನ್ನು ಮೇಲಿನಿಂದ ಸವರಿ ಚೆನ್ನಾಗಿದೆ ಎಂದು ಸಹಿ ಹಾಕಿದರೆ ಅದೇ ಸಂಜೆ ಮನೆಗೆ ಕಳಿಸುತ್ತಾರೆ. ಬಿಚ್ಚಿ, ದೀಪದ ಮೇಲೆ ಓಡಿಸಿ ನೋಡಬೇಕು. ಬಟ್ಟೆಗಿರುವ ಈ ಮರ್ಯಾದೆ ನನಗೂ ಬೇಕು ಎಂದರೆ ಅತಿಯಾಯಿತೇ?

ತಮ್ಮ ಸಹಿ ಬಿದ್ದ ಮೂರನೇ ದಿನ ಗಿರಣಿಯಿಂದ ನೋಟಿಸು ಬಂತು. ಇನ್ನು ಮುಂದೆ ಕೂತದ್ದು ಕಂಡರೆ ಕೆಲಸದಿಂದ ವಜಾ. ಕೂತರೆ ಕೆಲಸ ಹೋಗುತ್ತದೆ. ನಿಂತರೆ ಯಾವುದೋ ಒಂದು ದಿನ ಕೈ ಹೋಗುತ್ತದೆ, ಆ ದಿನ ಪಕ್ಕದ ಮೇಜಿನ ಅಕ್ಕ ರಜೆ ಹಾಕಿರಲೂಬಹುದು. ನನಗೆ ಭಯವಾಗುತ್ತಿದೆ, ಮಾನ್ಯರೇ. ಈಗ ಬೇಕಾದರೆ ಹೆದರಿಕೊಂಡಿದ್ದಾಳೆ ಎಂದು ಬರೆದುಕೊಳ್ಳಿ, ಆ ಮಾತು ನಿಜವಾಗುತ್ತದೆ.

ಬರುವ ಸೋಮವಾರ ಹನ್ನೊಂದು ಗಂಟೆಗೆ ನನ್ನ ಮೇಲ್ಮನವಿಯ ವಿಚಾರಣೆ. ಮೆಟ್ಟಿಲು ಹತ್ತಿ ಬರುತ್ತೇನೆ, ತಾವು ಹೇಳಿದಷ್ಟು ಹೊತ್ತು ಮಲಗಿ ಸುಧಾರಿಸಿಕೊಳ್ಳುತ್ತೇನೆ. ಆಮೇಲೆ ನನ್ನನ್ನು ಹತ್ತು ನಿಮಿಷ ನಿಲ್ಲಿಸಿ. ಫಾರಂನಲ್ಲಿ ಕಾಲಂ ಇಲ್ಲದಿದ್ದರೆ ಅಂಚಿನಲ್ಲಿ ಕೈಯಿಂದ ಒಂದು ಗೆರೆ ಎಳೆದುಕೊಳ್ಳಿ. ನನ್ನ ನಾಡಿ ಅಲ್ಲಾಡದಿದ್ದರೆ ಅಲ್ಲೇ, ತಮ್ಮ ಮೇಜಿನ ಮೇಲೇ ರಾಜೀನಾಮೆ ಬರೆದುಕೊಡುತ್ತೇನೆ. ಏರಿದರೆ, ಕಣ್ಣು ಕತ್ತಲಿಟ್ಟು ನಾನು ಬೀಳುವಂತಾದರೆ, ಗಾಬರಿಯಾಗಬೇಡಿ.

ಮೊದಲು ಬರೆದುಕೊಳ್ಳಿ. ಆಮೇಲೆ ಮಲಗಿಸಿ.

ಇಂತಿ,
ತಮ್ಮ ಮಂಚದ ಮೇಲೆ ಮಾತ್ರ ಆರೋಗ್ಯವಾಗಿರುವ
ಬಟ್ಟೆ ತಪಾಸಣೆಯವಳು