ಆ ಪುಟದ ಕೆಳಗಿನ ಎರಡು ಬೆರಳು ಜಾಗ

ಗದಗ
ಇಸವಿ ೨೧೬೩, ಶ್ರಾವಣ ಮೂವತ್ತಾರು

ಚಿರಂಜೀವಿ ರತ್ನಮಾಲಾಳಿಗೆ ಬಸಲಿಂಗವ್ವ ಮಾಡುವ ಆಶೀರ್ವಾದ, ಜೊತೆಗೆ ನಮಸ್ಕಾರ.

ದಿನಾಂಕ ನೋಡಿ ನಗಬೇಡ. ನಮ್ಮ ಕಾಲದಲ್ಲಿ ಮಳೆ ಎಷ್ಟು ತಡವಾಗುತ್ತದೋ ಅಷ್ಟು ದಿನ ಶ್ರಾವಣವನ್ನು ಉದ್ದ ಮಾಡುತ್ತಾರೆ. ನೀನು ನನ್ನ ಮುತ್ತಜ್ಜಿ. ಆದರೆ ಈ ಕಾಗದ ಹುಬ್ಬಳ್ಳಿಯಲ್ಲಿ ನಿನ್ನ ಕೈ ಸೇರುವಾಗ ನಿನಗೆ ಇಪ್ಪತ್ನಾಲ್ಕು ವರ್ಷ, ನನಗೆ ಎಪ್ಪತ್ತೊಂದು. ಹಾಗಾಗಿ ಆಶೀರ್ವಾದವನ್ನೂ ಮಾಡುತ್ತೇನೆ, ಕಾಲಿಗೂ ಬೀಳುತ್ತೇನೆ. ನಾನು ಹತ್ತನೆಯ ಇಯತ್ತೆ ಓದಿದವಳು, ಬರವಣಿಗೆಯಲ್ಲಿ ಜಾಣೆಯಲ್ಲ. ನಿನಗೆ ತಿಳಿಯದ ಶಬ್ದ ಬಂದಲ್ಲಿ ಬಿಡಿಸಿ ಹೇಳುತ್ತೇನೆ, ಬೇಸರ ಮಾಡಬೇಡ. ಇದು ಬರುತ್ತಿರುವುದು ಹಿನ್ನಂಚೆಯಲ್ಲಿ, ಅಂದರೆ ಹಿಂದಿನ ಕಾಲಕ್ಕೆ ಹೋಗುವ ಟಪಾಲಿನಲ್ಲಿ. ಒಂದು ಮನೆತನಕ್ಕೆ ಒಂದೇ ಕಾಗದ ಕಳಿಸಲು ಅವಕಾಶ. ನಮ್ಮ ಮನೆಯದನ್ನು ನಾನು ಇವತ್ತು ಖರ್ಚು ಮಾಡುತ್ತಿದ್ದೇನೆ.

ನೀನು ಜಿಮ್ಮಿಗೆ ಹೋಗುವಾಗ ಮುಂಗೈಗೆ ಕಟ್ಟಿಕೊಳ್ಳುವ ಕಪ್ಪು ಪಟ್ಟಿ ಇದೆಯಲ್ಲ, ಅದರ ಮರಿಮಗಳು ನಮ್ಮಲ್ಲಿದ್ದಾಳೆ. ಅವಳ ಹೆಸರು ಉರಿಬಳೆ. ನೀನು ಕ್ಯಾಲೊರಿ ಸುಟ್ಟೆ ಎನ್ನುವುದನ್ನು ನಾವು ಉರಿ ಎನ್ನುತ್ತೇವೆ. ಐದು ವರ್ಷ ತುಂಬಿದ ಮಗುವಿಗೆ ಆರತಿ ಮಾಡಿ ಈ ಬಳೆ ತೊಡಿಸುತ್ತಾರೆ. ಮೈ ಬಗ್ಗಿಸುವ ಕೆಲಸಗಳನ್ನೆಲ್ಲ ಯಂತ್ರಗಳು ಮಾಡುವುದರಿಂದ ಓಣಿಗೊಂದು ಕಸರತ್ತಿನ ಮನೆ ಇದೆ, ಬೆಳಗಾದರೆ ಎಲ್ಲರೂ ಅಲ್ಲಿ ನಿಂತಲ್ಲೇ ಓಡುತ್ತಾರೆ. ನಿಮ್ಮಲ್ಲಿ ಎದುರಾದವರು ‘ಊಟ ಆತೇನ್ರಿ?’ ಎಂದು ಕೇಳುತ್ತಿದ್ದರಂತೆ. ನಮ್ಮಲ್ಲಿ ‘ಉರಿ ಎಷ್ಟಾತ್ರಿ?’ ಎನ್ನುತ್ತಾರೆ. ಊಟಕ್ಕೆ ಕೂತರೆ ಬಡಿಸುಗ ಎಂಬ ಯಂತ್ರ ಬಳೆಯನ್ನು ಓದಿ, ಸುಟ್ಟವರಿಗೆ ಸುಟ್ಟಷ್ಟು ಬಡಿಸುತ್ತದೆ. ಎಲ್ಲ ಮನೆಗಳಲ್ಲೂ ಇಷ್ಟು ಕಟ್ಟುನಿಟ್ಟಿಲ್ಲ. ನನ್ನ ಮನೆಯಲ್ಲಿದೆ, ಏಕೆಂದರೆ ನಾನು ಹಾಗೆಂದು ಅಪ್ಪಣೆ ಮಾಡಿದ್ದೇನೆ. ಹತ್ತೊಂಬತ್ತು ಮಂದಿಯ ಈ ಸಂಸಾರದಲ್ಲಿ ಒಬ್ಬ ಸೋಮಾರಿ ಇಲ್ಲ ಎಂದು ಊರೇ ಹೇಳುತ್ತದೆ. ಆ ಮಾತು ಕೇಳಿ ನಾನು ಸೆರಗು ಸರಿಮಾಡಿಕೊಂಡು ನಡೆದಿದ್ದೇನೆ.

ನಮ್ಮ ನಡುಮನೆಯ ಗೋಡೆಯ ಮೇಲೆ ನೀನಿದ್ದೀಯ. ಭಾವಚಿತ್ರವಲ್ಲ, ನಿನ್ನ ಡೈರಿಯ ಒಂದು ಪುಟ. ನಿನ್ನ ಪಟ್ಟಿ ತೋರಿಸಿದ ಲೆಕ್ಕವನ್ನು ನೀನು ದಿನವೂ ಬರೆದಿಡುತ್ತೀಯಲ್ಲ, ಅದರಲ್ಲಿನ ಒಂದು ಭಾನುವಾರ. ‘ಬೆಳಿಗ್ಗೆ ಐದರಿಂದ ಒಂಬತ್ತು. ೧೧೪೦. ಇಷ್ಟು ಯಾವತ್ತೂ ಆಗಿರಲಿಲ್ಲ!’ ಎಂದು ಬರೆದಿದ್ದೀಯ. ನಿನ್ನ ಮಗಳು ಆ ಪುಟಕ್ಕೆ ಗಾಜು ಹಾಕಿಸಿದಳು. ನನ್ನ ಅವ್ವ ಅದನ್ನು ತೋರಿಸಿ ನನ್ನನ್ನು ಓಡಿಸಿದಳು. ನಾನು ಅದನ್ನು ತವರಿನಿಂದ ತಂದು ನನ್ನ ಮಕ್ಕಳನ್ನು ಓಡಿಸಿದೆ. ಜಿಮ್ಮಿನಲ್ಲಿ ನಾಲ್ಕು ತಾಸು ನಿಂತ ಹೆಣ್ಣಿನ ವಂಶ ನಮ್ಮದು ಎಂಬುದು ನಮ್ಮ ಮನೆತನದ ಹೆಮ್ಮೆ.

ನನ್ನ ಮೊಮ್ಮಗಳು ಪಾರಿಜಾತಾಗೆ ಹದಿನಾರು ವರ್ಷ. ಪಾರಿ ಎನ್ನುತ್ತೇವೆ. ನನ್ನ ಹಟವೇ ಅವಳಿಗೂ ಬಂದಿದೆ. ಮೂರು ತಿಂಗಳ ಹಿಂದೆ ಅವಳು ಗಾಜಿನ ಮುಂದೆ ನಿಂತು, “ಆಯಿ, ಹನ್ನೊಂದ ನೂರಾ ನಲವತ್ತು ಮುಟ್ಟೂತನಾ ನನ್ನ ತಾಟಿಗೆ ಅರ್ಧಾನ ಹಾಕ್ರಿ” ಎಂದಳು. ನಾನು ಭಲೆ ಎಂದು ಬೆನ್ನು ತಟ್ಟಿದೆ. ಆಮೇಲೆ ಅರ್ಧ ತಾಟು ಕಾಲು ತಾಟಾಯಿತು. ದಿನದ ಉರಿ ಎಂಟುನೂರರ ಹತ್ತಿರ ಬಂದಾಗ ಕಸರತ್ತಿನ ಮನೆಯಲ್ಲಿ ಬಿದ್ದಳು. ಎತ್ತಿ ತಂದಾಗ ಅವಳ ಕೈಯಿಂದ ಬಳೆ ತಾನಾಗಿ ಜಾರಿ ಬಂತು, ಕೈ ಅಷ್ಟು ಸಣ್ಣಗಾಗಿತ್ತು. ಹದಿನೆಂಟು ವರ್ಷದಿಂದ ನನಗೆ ಎದುರಾಡದ ಸೊಸೆ ಶಶಿರೇಖಾ ಅಂದು ಬಾಯಿ ತೆರೆದಳು. “ಆ ಗಾಜಿನ ಮುಂದ ನಿಂದ್ರಿಸಿ ಕಲಿಸಿದವರು ನೀವ ಅಲ್ಲೇನ್ರಿ ಅತ್ತಿ?” ಎಂದಳು. ಅವಳು ಹೇಳಿದ್ದು ಖರೆ.

ಮಲಗಿದವಳಿಗೆ ಉರಿ ಎಲ್ಲಿಯದು? ಬಡಿಸುಗ ಪಾರಿಗೆ ಬರೀ ಅಂಬಲಿ ಸುರಿಯಿತು, ನನ್ನ ಅಪ್ಪಣೆಯಂತೆಯೇ. ಅದನ್ನು ನಿಲ್ಲಿಸಿ ನಾನೇ ಒಲೆ ಹಚ್ಚಿದೆ. ಹದಿನೈದು ವರ್ಷದ ಮೇಲೆ ಮಣೆಯ ಮೇಲೆ ಕೂತು ಜೋಳದ ಹಿಟ್ಟು ನಾದಿ ರೊಟ್ಟಿ ಬಡಿಯತೊಡಗಿದೆ. ಹನ್ನೊಂದನೆಯ ರೊಟ್ಟಿಗೆ ನನ್ನ ಬಳೆ ಗುಂಯ್‌ಗುಟ್ಟಿ, “ಭಲೆ ಬಸಲಿಂಗವ್ವಾ, ಹೀಗೇ ಓಡುತ್ತಿರಿ!” ಎಂದಿತು. ನಾನು ಇಟ್ಟ ಹೆಜ್ಜೆ ಸೊನ್ನೆ, ಬಳೆಯ ಲೆಕ್ಕದಲ್ಲಿ ಉರಿ ನೂರಾ ಮೂವತ್ತು. ಬಾಗಿಲಲ್ಲಿ ನಿಂತಿದ್ದ ಶಶಿರೇಖಾ ಆ ಸಂಕಟದಲ್ಲೂ ನಕ್ಕಳು. “ಮಣಿ ಮ್ಯಾಲ ಕುಂತ ಓಡಾಕತ್ತೀರಿ ಅತ್ತಿ.” ಅಂಗೈ ಹಿಟ್ಟಿನ ಮೇಲೆ ಬಡಿಯುವುದನ್ನು ಈ ಬಳೆ ಓಟವೆಂದು ತಿಳಿಯುತ್ತದೆ. ನನಗೆ ಏನೋ ಹೊಳೆಯಿತು. ಹಿಟ್ಟಿನ ಕೈಯಲ್ಲೇ ಎದ್ದು ಹೋಗಿ ಗೋಡೆಯಿಂದ ಗಾಜು ಇಳಿಸಿ ಒಡೆದೆ. ಮೂರು ತಲೆಮಾರಿನಲ್ಲಿ ಯಾರೂ ನೋಡದ ಹಿಂಬದಿಯಲ್ಲಿ, ಸೋಮವಾರ ನೀನು ಹೀಗೆ ಬರೆದಿದ್ದೆ: ‘ಬೀಗರು ಹೋದರು. ತೊಂಬತ್ತಾರು ರೊಟ್ಟಿ ಬಡಿದ ತೋಳು ಇನ್ನೂ ಎತ್ತಲಾಗುತ್ತಿಲ್ಲ. ಇವತ್ತೂ ಜಿಮ್ಮಿಗೆ ಹೋಗಲಿಲ್ಲ.’

ನಾವು ಪೂಜೆ ಮಾಡಿದ್ದು ಬೀಗರ ಊಟದ ರೊಟ್ಟಿಯನ್ನು. ಅಡಿಗೆಮನೆಯಲ್ಲಿ ಕೂತ ನಿನ್ನನ್ನು ನಾವೇ ಜಿಮ್ಮಿನಲ್ಲಿ ನಿಲ್ಲಿಸಿದೆವು. ಪುಟ ತಿರುವಿ ನೋಡದೆ ಗಾಜು ಹಾಕಿದ ತಪ್ಪು ನಮ್ಮದೇ. ನಿನ್ನ ಪಟ್ಟಿಯನ್ನು ನಾನು ದೂರುವುದಿಲ್ಲ. ಕೈ ಆಡಿದ್ದನ್ನು ಎಣಿಸು ಎಂದರು, ಅದು ಎಣಿಸಿತು. ಯಾರಿಗಾಗಿ ಆಡಿತು ಎಂದು ಅದನ್ನು ಯಾರೂ ಕೇಳಲಿಲ್ಲ.

ಆ ಹಾಳೆ ಹಿಡಿದು ಪಾರಿಯ ಹತ್ತಿರ ಹೋದೆ. ಅವಳು ಎರಡೂ ಬದಿ ಓದಿದಳು. ನನ್ನ ಮೊಮ್ಮಗಳಲ್ಲವೇ, ಸುಲಭವಾಗಿ ಸೋಲುವುದಿಲ್ಲ. “ಬಡದಾಳ ಖರೆ, ಆಯಿ. ತಿಂದಾಳೇನು? ಬರದಿಲ್ಲಲ್ಲ” ಎಂದು ಗೋಡೆಯ ಕಡೆ ಮಗ್ಗಲು ಬದಲಿಸಿದಳು. ಅವಳ ಮಾತಿನಲ್ಲಿ ಹುರುಳಿದೆ. ಪೆಟ್ಟಿಗೆಯಲ್ಲಿರುವ ನಿನ್ನ ಡೈರಿಯ ಉಳಿದ ಪುಟಗಳಲ್ಲಿ ಬೇರೆ ದಿನಗಳದನ್ನು ನಾನೂ ಓದಿದ್ದೇನೆ: ಅರ್ಧ ಚಪಾತಿ, ನಾಲ್ಕು ಹೋಳು ಸವತೆಕಾಯಿ, ‘ಹಸಿವಾಗುತ್ತಿದೆ, ನೀರು ಕುಡಿದೆ’. ಓದುವಾಗ ನೀನು ಮುತ್ತಜ್ಜಿ ಎಂಬುದು ಮರೆತು, ಪಾರಿಯ ಪಕ್ಕದಲ್ಲಿ ಇನ್ನೊಂದು ಹುಡುಗಿ ಮಲಗಿದ್ದಾಳೆ ಎನ್ನಿಸಿತು.

ಆ ಭಾನುವಾರದ ಬರಹದ ಕೆಳಗೆ ಎರಡು ಬೆರಳಷ್ಟು ಜಾಗ ಖಾಲಿ ಇದೆ. ಅಲ್ಲಿ ನಾನೇ ಬರೆದುಬಿಡಬಹುದಿತ್ತು. ನಿನ್ನ ಅಕ್ಷರ ನನಗೆ ಬಾಯಿಪಾಠ, ಪೆನ್ನನ್ನೂ ಕೈಗೆತ್ತಿಕೊಂಡಿದ್ದೆ. ಆದರೆ ನಾವು ಕಟ್ಟಿದ ಒಂದು ಸುಳ್ಳಿನಿಂದ ಬಿದ್ದ ಹುಡುಗಿಯನ್ನು ಇನ್ನೊಂದು ಸುಳ್ಳಿನಿಂದ ಎಬ್ಬಿಸಲು ಮನಸ್ಸು ಒಪ್ಪಲಿಲ್ಲ.

ನಿನಗೆ ಆ ಭಾನುವಾರ ಇನ್ನೂ ಬಂದಿಲ್ಲ. ನಿನ್ನ ಅಕ್ಕನ ಅತ್ತೆಮನೆಯ ಬೀಗರು ಊಟಕ್ಕೆ ಬರುವ ದಿನ ಅದು. ತೊಂಬತ್ತಾರನೆಯ ರೊಟ್ಟಿ ಇಳಿಸಿದ ಮೇಲೆ ಕೈ ತೊಳೆ, ಪಟ್ಟಿ ಬಿಚ್ಚಿಡು, ಅವ್ವನ ಪಕ್ಕ ಒಂದು ತಾಟು ಹಾಕಿಕೊಂಡು ಕೂತುಕೋ. ಬಿಸಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಹಿಂಡಿ, ಮೇಲೊಂದು ಬೆಣ್ಣೆ ಉಂಡೆ. ಹೊಟ್ಟೆ ಸಾಕು ಎನ್ನುವವರೆಗೆ ಉಣ್ಣು. ಉಂಡ ಮೇಲೆ ಆ ಎರಡು ಬೆರಳು ಜಾಗದಲ್ಲಿ ಎಷ್ಟು ಉಂಡೆ ಎಂದು ಬರೆ. ಉಣ್ಣದೆ ಬರೆಯಬೇಡ. ಇದು ಹಿರಿಯಳಾಗಿ ನನ್ನ ಅಪ್ಪಣೆ, ಮರಿಮಗಳಾಗಿ ನನ್ನ ಬೇಡಿಕೆ.

ಬಡಿಸುಗನನ್ನು ಬಚ್ಚಲ ಹಿಂದೆ ಇಡಿಸಿದ್ದೇನೆ. ನಾಳೆ ಬೆಳಿಗ್ಗೆ ಎರಡು ತಾಟು ಹಾಕಿ, ಪಾರಿಯನ್ನು ಎಬ್ಬಿಸಿ ಕೂರಿಸಿ, ಮಡಿಸಿಟ್ಟ ಆ ಹಾಳೆಯನ್ನು ಅವಳ ಕೈಯಿಂದಲೇ ಬಿಚ್ಚಿಸುತ್ತೇನೆ. ಅಂದು ನೀನು ಬರೆದಿದ್ದರೆ ಆ ಖಾಲಿ ಜಾಗದಲ್ಲಿ ನಿನ್ನ ಅಕ್ಷರ ನಮಗೆ ಕಾಣುತ್ತದೆ. ರೊಟ್ಟಿ ಆರುವ ಮೊದಲು ಬರೆ, ತಾಯಿ.

ನಿನ್ನ
ಬಸಲಿಂಗವ್ವ