ಬಣ್ಣ ಬರಬಾರದಿದ್ದ ಬಾಟಲಿ

ಕೋಲ್ಕತ್ತ
೧೪ ಜೂನ್ ೨೦೨೪

ಪ್ರೀತಿಯ ಶ್ರೀವಿದ್ಯಾ,

ಎರಡು ತಿಂಗಳಿಂದ ಕಾಗದವಿಲ್ಲ, ಬೈದುಕೊಂಡಿರುತ್ತೀಯ. ಇವತ್ತು ನಮ್ಮ ಲ್ಯಾಬಿನ ಹಂಸಾಳ ವಿಷಯ ಹೇಳಲೇಬೇಕು. ಧಾರವಾಡದ ಹುಡುಗಿ, ಸೇರಿ ಒಂದೂವರೆ ವರ್ಷ. ನೀರು ತುಂಬಿದ ಪ್ರತಿ ಬಾಟಲಿಯನ್ನೂ ತಲೆಕೆಳಗು ಮಾಡಿ ನೋಡುತ್ತಾಳೆ. ಸಾಸಿವೆಯಷ್ಟು ಗಾಳಿಗುಳ್ಳೆ ಕಂಡರೂ ಒಪ್ಪುವುದಿಲ್ಲ.

ಕುಡಿಯುವ ನೀರಿಗೆ ಹಾಕುವ ಕ್ಲೋರಿನ್, ಆ ನೀರಿನಲ್ಲಿ ಕರಗಿದ ಎಲೆ-ಕೆಸರಿನ ಅಂಶದೊಡನೆ ಬೆರೆತಾಗ ಕೆಲವು ಬೇಡದ ರಾಸಾಯನಿಕಗಳು ಹುಟ್ಟುತ್ತವೆ. ಅವನ್ನು ಅಳೆಯುವುದೇ ನಮ್ಮ ಕೆಲಸ; ಬಾಟಲಿಯಲ್ಲಿ ಗಾಳಿಗುಳ್ಳೆಯಿದ್ದರೆ ಅವು ಅದರೊಳಕ್ಕೆ ಆರಿಹೋಗುತ್ತವೆ. ಕಳೆದ ತಿಂಗಳು ಇಲ್ಲಿನ ಡಮ್ ಡಮ್‌ನ ಒಂದು ಅಪಾರ್ಟ್‌ಮೆಂಟಿನ ನೀರಿನಲ್ಲಿ ಅವು ಮಿತಿ ಮೀರಿವೆ ಎಂದು ವರದಿ ಕೊಟ್ಟೆವು. ಸಹಿ ನನ್ನದು. ಕ್ಲೋರಿನ್ ಹೆಚ್ಚು ಸುರಿದನೆಂದು ಅಲ್ಲಿನ ಪಂಪ್ ನೋಡಿಕೊಳ್ಳುವ ಮಿಹಿರ್‌ನನ್ನು ಕೆಲಸದಿಂದ ತೆಗೆಯಲು ಸಮಿತಿಯವರು ಹೊರಟರು.

ಆತ ಲ್ಯಾಬಿಗೇ ಬಂದ. ಹನ್ನೊಂದು ವರ್ಷದಿಂದ ಕ್ಲೋರಿನ್ ಹಾಕುವುದು ಅದೇ ಅಳತೆ ದೀದಿ, ಎಂದ. ನಾನು ಸಮಾಧಾನ ಹೇಳಿ ಕಳಿಸಿಬಿಟ್ಟೆ. ಹಂಸಾ ಮಾತ್ರ ಫ್ರಿಜ್ಜಿನಲ್ಲಿ ಉಳಿದಿದ್ದ ಅದೇ ನೀರಿನ ಬಾಟಲಿ ತೆಗೆದು ಕ್ಲೋರಿನ್ ಪರೀಕ್ಷೆ ಮಾಡಿದಳು. ನೀರು ಹಿಡಿಯುವ ಮೊದಲೇ ಬಾಟಲಿಗೆ ಚಿಟಿಕೆ ಪುಡಿ ಹಾಕಿರುತ್ತೇವೆ; ಅದು ಕ್ಲೋರಿನ್ನನ್ನು ಅಲ್ಲೇ ಮುಗಿಸುತ್ತದೆ. ಕ್ಲೋರಿನ್ ಇದ್ದರೆ ಮಾತ್ರ ನೀರು ಗುಲಾಬಿಯಾಗುವ ಪರೀಕ್ಷೆ ಅದು, ಬಣ್ಣ ಬರಲೇಬಾರದು. ತೆಳು ಗುಲಾಬಿ ಬಂತು. ಆ ಬಣ್ಣ ಕವಿತೆಯಲ್ಲಿ ಸಿಕ್ಕಿದ್ದರೆ ನಿನಗೆ ಓದಿ ಹೇಳುತ್ತಿದ್ದೆ. ಇಲ್ಲಿ ಅದರ ಅರ್ಥ, ಬಾಟಲಿಗೆ ಪುಡಿ ಬಿದ್ದೇ ಇರಲಿಲ್ಲ. ಪುಡಿಯಿಲ್ಲದ ಬಾಟಲಿಯಲ್ಲಿ ಕ್ಲೋರಿನ್ ದಿನಗಟ್ಟಲೆ ಕೆಲಸ ಮಾಡುತ್ತಲೇ ಇತ್ತು. ನಾವು ಅಳೆದದ್ದು ಬಾಟಲಿಯೊಳಗೇ ಹುಟ್ಟಿದ್ದನ್ನು, ನಲ್ಲಿಯ ನೀರಿನಲ್ಲಿದ್ದುದನ್ನಲ್ಲ.

ಹೊಸ ನೀರು ತರಿಸಿ, ಸದ್ದಿಲ್ಲದೆ ಇನ್ನೊಂದು ವರದಿ ಕೊಡೋಣ ಎಂದೆ. ಅವಳು ಕನ್ನಡಕ ಒರೆಸುತ್ತಾ ಹೇಳಿದಳು: “ತಪ್ಪು ಮಾಡಿದ್ದ, ಈಗ ತಿದ್ಕೊಂಡಾನ ಅಂತಾರ್ರೀ ಮೇಡಂ. ಅಂವ ತಪ್ಪೇ ಮಾಡಿಲ್ಲ ಅಂತ ಯಾರು ಹೇಳಬೇಕ್ರೀ?”

ಹಳೆಯ ವರದಿಯನ್ನು ಹಿಂತೆಗೆದುಕೊಳ್ಳುವ ಪತ್ರ ಅವಳೇ ಬರೆದಳು. ಲೋಕಲ್ ಟ್ರೇನಿನಲ್ಲಿ ಹೋಗಿ ಹೊಸ ನೀರು ತಂದಳು, ಮಿತಿಯೊಳಗೇ ಇತ್ತು. ಮಿಹಿರ್‌ನ ಕೆಲಸ ಉಳಿಯಿತು. ಲ್ಯಾಬಿನ ಹೆಸರು ಕೆಡಿಸಿದೆ ಎಂದು ನಿನ್ನೆ ನಿರ್ದೇಶಕರು ಎಲ್ಲರೆದುರು ಬೈದಾಗಲೂ ಹುಡುಗಿ ತಲೆ ತಗ್ಗಿಸಲಿಲ್ಲ. ಅವಳ ವಯಸ್ಸಿನಲ್ಲಿ ನಮಗೆ ಆ ಧೈರ್ಯ ಎಲ್ಲಿತ್ತು ಹೇಳು.

ನಿನ್ನ
ಇಂದುಮತಿ

ತಾ.ಕ.: ಆ ಬಾಟಲಿಗಳನ್ನು ಸಿದ್ಧ ಮಾಡಿದ್ದು ಯಾರು ಎಂದು ನೀನು ಕೇಳಿಯೇ ಕೇಳುತ್ತೀಯ. ನಾನು ಕಣೇ. ಅಂದು ಹಂಸಾ ರಜೆಯಲ್ಲಿದ್ದಳು. ಅವಳಿಗದು ಗೊತ್ತು, ಆದರೂ ‘ಪ್ರಯೋಗಾಲಯದ ತಪ್ಪು’ ಎಂದಷ್ಟೇ ಬರೆದಳು. ಬೈಗುಳ ಅವಳ ಮೇಲೆ ಬೀಳುವಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಈಗ ನಿರ್ದೇಶಕರ ಕೋಣೆಗೆ ಹೊರಟಿದ್ದೇನೆ. ಈ ಕಾಗದವನ್ನು ಮೊದಲು ಅಂಚೆಡಬ್ಬಿಗೆ ಹಾಕುತ್ತೇನೆ, ನಡುವೆ ಮನಸ್ಸು ಬದಲಾಯಿಸಲು ಆಗದಂತೆ.