ಬ್ಯಾಡಗಿ ಸ್ಟೇಷನ್ನಿನ ಹೆಂಗಸರು

ಹಾವೇರಿ
೧೨ ಫೆಬ್ರುವರಿ, ಸೋಮವಾರ

ಮುನಿಸಿಕೊಂಡು ಕೂತಿರುವ ನನ್ನ ಸ್ನೇಹಾಳಿಗೆ,

ಫೋನ್ ಎತ್ತುವುದಿಲ್ಲವೆಂದು ಹಟ ಹಿಡಿದಿದ್ದೀಯ. ಎತ್ತಿದ್ದರೂ ನನಗೆ ಮಾತು ಹೊರಡುತ್ತಿರಲಿಲ್ಲ, ಅದಕ್ಕೇ ಈ ಕಾಗದ. ತವರಲ್ಲಿ ಕೂತು, ಬೇಕಾದರೆ ಬೈದುಕೊಂಡೇ ಓದು.

ಹಾವೇರಿಯಿಂದ ರಾಣೆಬೆನ್ನೂರಿನವರೆಗಿನ ಹಳೆಯ ಮೀಟರ್ ಗೇಜ್ ರೈಲುದಾರಿಯ ಪುಟ್ಟ ಮಾದರಿ ಕಟ್ಟುತ್ತೇನೆಂದು ನಾನು ನಡುಮನೆಯನ್ನೇ ನುಂಗಿದಾಗ ನೀನು ನಕ್ಕೆಯೇ ಹೊರತು ಗೊಣಗಲಿಲ್ಲ. ಹಳಿ, ಉಗಿಬಂಡಿ, ಸಿಗ್ನಲ್ ಕಂಬ ನನ್ನವು. ಜೀವ ತುಂಬಿದವಳು ನೀನು. ಬ್ಯಾಡಗಿ ಸ್ಟೇಷನ್ ಪಕ್ಕದ ಅಂಗಳದಲ್ಲಿ ಕೆಂಪು ಬಳಿದ ಕಟ್ಟಿಗೆ ಪುಡಿಯಿಂದ ಮೆಣಸಿನಕಾಯಿ ರಾಶಿ ಮಾಡಿ, ಸುತ್ತ ತೊಟ್ಟು ಬಿಡಿಸುವ ಹೆಂಗಸರ ಬೊಂಬೆಗಳನ್ನು ಕೂರಿಸಿದವಳೂ ನೀನೇ. ಹಸಿರು ಸೀರೆಯವರು ನಿಮ್ಮವ್ವ. ಆ ಕೂಲಿಯಲ್ಲೇ ಅಲ್ಲವೇ ನಿನ್ನನ್ನು ಓದಿಸಿದ್ದು?

ಶನಿವಾರ, ಮನೆಯಲ್ಲೇ ಇಟ್ಟುಕೊಂಡ ಪ್ರದರ್ಶನದ ಬೆಳಿಗ್ಗೆ, ಅವರನ್ನೆಲ್ಲ ಕಿತ್ತು ಡಬ್ಬಿಗೆ ಹಾಕಿದೆ. ಅಂಟು ಬಿಟ್ಟಿತ್ತೆಂದು ನಿನಗೆ ಹೇಳಿದ್ದು ಸುಳ್ಳು. ಹುಬ್ಬಳ್ಳಿಯಿಂದ ರೈಲ್ವೆಯ ನಿವೃತ್ತ ಸಾಹೇಬರು, ಪೇಟೆಯ ದೊಡ್ಡ ಅಂಗಡಿಯವರು ಬರುವವರಿದ್ದರು. ಯಾರಾದರೂ ಕೇಳಿ, ನೀನು ಹೆಮ್ಮೆಯಿಂದ ಇವರು ನಮ್ಮವ್ವ ಎಂದುಬಿಟ್ಟರೆ ಎಂಬ ಅಳುಕು ನನಗೆ. ಎಂಥ ಸಣ್ಣ ಮನುಷ್ಯ ನಾನು!

ನಿಮ್ಮವ್ವ ಇಳಕಲ್ ಸೀರೆ ಉಟ್ಟು, ಓಣಿಯವರಿಗೆಲ್ಲ ಹೇಳಿಕೊಂಡು ಬಂದಿದ್ದರು. ಕನ್ನಡಕ ಸರಿಮಾಡಿಕೊಂಡು ಬಗ್ಗಿ ಹುಡುಕಿದರು.

"ಅಳಿಯಂದ್ರ, ನಾ ಎಲ್ಲಿ ಅದೀನ್ರಿ?"

"ಇಲ್ಲಿ ಸಂಜಿ ಆಗೇತ್ರಿ ಅತ್ತಿ. ಎಲ್ಲಾರೂ ಮನಿಗೆ ಹೋಗ್ಯಾರ," ಎಂದೆ. ಅಷ್ಟು ಸಲೀಸಾಗಿ ಬಂತು ಸುಳ್ಳು.

ಅವರ ಮುಖ ಅರಳಿತು. "ಪುಣ್ಯಾ ಕಟ್ಕೊಂಡ್ರಿ ನೋಡ್ರಿ. ಇಲ್ಲ್ಯರ ನಮ್ಮನ್ನ ಲಗೂ ಮನಿಗೆ ಕಳಿಸೀರಿ!"

ನೀನು ಆಗ ನನ್ನ ಮುಖ ನೋಡಿದೆಯಲ್ಲ, ಆ ನೋಟ ಇನ್ನೂ ಸುಡುತ್ತಿದೆ. ಸಾಹೇಬರು ಬೆನ್ನು ತಟ್ಟಿದ್ದು, ಪೇಟೆಯವರು ಹೊಗಳಿದ್ದು ಯಾವುದೂ ಮೈಗೆ ಹತ್ತಲಿಲ್ಲ. ಕ್ಷಮೆ ಕೇಳಲು ನಾನೇ ಬ್ಯಾಡಗಿಗೆ ಬರುತ್ತೇನೆ. ಬಾಗಿಲು ತೆಗೆಯುತ್ತೀಯೋ ಇಲ್ಲವೋ, ಅದನ್ನಾದರೂ ತಿಳಿಸು.

ನಿನ್ನವನೆಂದು ಬರೆಯಲು ಮುಖವಿಲ್ಲದ,
ಸಿದ್ದಲಿಂಗೇಶ

ತಾ.ಕ.: ಇಷ್ಟೇ ಎಂದು ಕಾಗದ ಮಡಚಿದ್ದೆ. ಇಷ್ಟೇ ಅಲ್ಲ. ನೀನು ಸಿಟ್ಟಿನಿಂದ ಹೊರಗೆ ಹೋದ ಮೇಲೆ ಸಾಹೇಬರು ನಿಮ್ಮವ್ವನನ್ನು ನೋಡಿ, ಇವರು ಯಾರೆಂದು ಕೇಳಿದರು. ಯಾರೋ ಬ್ಯಾಡಗಿಯವರು ಎಂದೆ. ನಿಮ್ಮವ್ವ ನನ್ನ ಪಕ್ಕದಲ್ಲೇ ನಿಂತಿದ್ದರು. "ಹೌದ್ರಿ ಸಾಹೇಬ್ರ, ರೈಲು ನೋಡಾಕ ಬಂದೇನಿ," ಎಂದು ಕೈಮುಗಿದರು. ನೀನು ಕಳಿಸಿದ ಮೆಸೇಜಿನಲ್ಲಿ ಬೊಂಬೆಗಳ ಮಾತಷ್ಟೇ ಇದೆ. ಇದನ್ನು ಅವರು ನಿನಗೆ ಹೇಳೇ ಇಲ್ಲ.